ಆಪಟೇಕರ್ ಹೆಸರಿನ ಬೆನ್ನು ಹತ್ತಿದ ಎರಡು ವರ್ಷ

ಮನೆತನದ ಹೆಸರು ಅಪರೂಪವಾದಷ್ಟೂ ಮೂಲ ಹುಡುಕುವುದು ಸುಲಭ ಎಂದು ನಮ್ಮ ಕೆಲಸದವರೆಲ್ಲ ಹೇಳುತ್ತಾರೆ. ನಾನೂ ಹಾಗೆಯೇ ನಂಬಿದ್ದೆ. ಆಪಟೇಕರ್ ಎಂಬ ಯೆಹೂದಿ ಹೆಸರು ಆ ನಂಬಿಕೆಯನ್ನು ಬುಡಸಮೇತ ಕಿತ್ತುಹಾಕಿತು. ಎರಡು ವರ್ಷ ಅಲೆದೆ, ನಲವತ್ತು ಸಾವಿರದ ಹತ್ತಿರ ಕೈಯಿಂದ ಹೋಯಿತು. ಕೊನೆಗೆ ಒಂದು ದಾರಿ ಸಿಕ್ಕಿತು. ಅದನ್ನು ಹಿಡಿದಾಗ "ಇದರಿಂದ ಏನೂ ಹೊರಡುವುದಿಲ್ಲ" ಎಂದು ಮೂವರು ಬಲ್ಲವರು ಹೇಳಿದ್ದರು. ಅವರಲ್ಲಿ ಇಬ್ಬರು ಈಗ ಠಾಣೆಯ ನನ್ನ ಮನೆಗೆ ಬಂದು ಚೀಟಿಗಳ ಪೆಟ್ಟಿಗೆ ನೋಡಿಕೊಂಡು ಹೋಗಿದ್ದಾರೆ. ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ಕೇಳಿಕೊಂಡು ಬಂದವನು ಇಸ್ರೇಲಿನ ಒಬ್ಬ ಯುವಕ. ಅವನ ಅಜ್ಜ ಮುಂಬಯಿಯಿಂದ ಹೋದವರು, ಬೆನೆ ಇಸ್ರೇಲ್ ಎಂಬ, ಕೊಂಕಣದ ಮರಾಠಿ ಮಾತಿನ ಯೆಹೂದಿ ಸಮುದಾಯದವರು. ಅಜ್ಜನ ಹಳೆಯ ಕಾಗದಗಳಲ್ಲಿ ಆಪಟೇಕರ್ ಎಂದಿದೆ. ಮೊಮ್ಮಗ ಹೆಸರುಗಳ ಅರ್ಥ ಹುಡುಕಿದರೆ ಎಲ್ಲೆಲ್ಲೂ ಒಂದೇ ಉತ್ತರ: ಔಷಧ ಮಾರುವವನು, ರಷ್ಯಾ ಸಾಮ್ರಾಜ್ಯದ ಕಡೆಯ ಯೆಹೂದಿ. "ನಮ್ಮ ಅಜ್ಜ ಹಾಗಾದರೆ ಎಲ್ಲಿಯವರು ಸರ್?" ಎಂದು ಆ ಹುಡುಗ ಕೇಳಿದ ರೀತಿಗೆ ನಾನು ಹಣದ ಮಾತೇ ಆಡದೆ ಒಪ್ಪಿಕೊಂಡುಬಿಟ್ಟೆ.

ತೊಡಕು ನಿಜವಾದದ್ದೇ. ರಷ್ಯನ್ನಿನಲ್ಲಿ, ಪೂರ್ವ ಯುರೋಪಿನ ಯೆಹೂದಿಗಳ ಮಾತಾದ ಯಿದ್ದಿಷಿನಲ್ಲಿ ಆಪ್ಟೇಕರ್ ಎಂದರೆ ಔಷಧ ವ್ಯಾಪಾರಿ. 1804ರಲ್ಲಿ ರಷ್ಯಾದ ದೊರೆ ಯೆಹೂದಿಗಳೆಲ್ಲ ಮನೆತನದ ಹೆಸರು ಇಟ್ಟುಕೊಳ್ಳಬೇಕೆಂದು ಕಾನೂನು ತಂದಾಗ ಕಸುಬಿನ ಹೆಸರುಗಳು ಹೀಗೆ ಎಷ್ಟೋ ಹುಟ್ಟಿದವು. ಅಲ್ಲಿಂದ ವಲಸೆ ಹೋದವರ ಮೂಲಕ ಈ ಹೆಸರು ಅಮೆರಿಕಕ್ಕೂ ದಾಟಿತು. ಇತಿಹಾಸಕಾರ ಹರ್ಬರ್ಟ್ ಆಪ್ತೇಕರ್ ಹುಟ್ಟಿದ್ದು 1915ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಇತ್ತ ಕೊಂಕಣದಲ್ಲಿ ಪನ್ವೇಲಿನಿಂದ ರೋಹಾ ಕಡೆಗೆ ಹೋಗುವ ರೈಲು ಹಳಿಯ ಮೇಲೆ ಆಪಟಾ ಎಂಬ ಊರಿದೆ. ಆ ಊರಿನಿಂದ ಬಂದವನು ಆಪಟೇಕರ. ರೋಹಾದವನು ರೋಹೇಕರ ಆಗುವ ಹಾಗೆಯೇ ಇದು, ಮರಾಠಿ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡಕ್ಕೂ ಸಂಬಂಧ ಎಳ್ಳಷ್ಟೂ ಇಲ್ಲ. ಆದರೆ ಹೀಬ್ರೂವಿನಲ್ಲಿ ಬರೆದಾಗ ಎರಡೂ ಒಂದೇ: ಆಲೆಫ್, ಪೇ, ಟೆತ್, ಕೂಫ್, ರೇಶ್. ಸ್ವರಗಳು ಬಿಟ್ಟುಹೋಗುತ್ತವೆ, ನಮ್ಮ ಟ-ತ ಭೇದವೂ ಉಳಿಯುವುದಿಲ್ಲ. ಇಸ್ರೇಲಿನ ಪಟ್ಟಿಗಳಲ್ಲಿ ಕೊಂಕಣದ ಗಾಣದವನ ಮೊಮ್ಮಗನೂ ಯುಕ್ರೇನಿನ ಔಷಧದ ಅಂಗಡಿಯವನ ಮೊಮ್ಮಗನೂ ಅಕ್ಷರ ಬಿಡದೆ ಒಂದೇ ಹೆಸರಿನವರು.

ನನ್ನ ಮೊದಲ ಸೋಲು ಇಲ್ಲಿಯೇ. ಹೆಸರು ಎಲ್ಲೆಲ್ಲಿ ಎಷ್ಟಿದೆ ಎಂದು ಎಣಿಸಿ ನಕ್ಷೆಯ ಮೇಲೆ ಚುಕ್ಕೆ ಇಟ್ಟೆ. ಮೂರು ತಿಂಗಳು ಹಿಡಿಯಿತು. ಚುಕ್ಕೆಗಳು ಚೆಂದವಾಗಿ ಬಂದವು, ಕೆಲಸಕ್ಕೆ ಬರಲಿಲ್ಲ. ಏಕೆಂದರೆ ಕೊಂಕಣದ ಕಡೆಯವರಲ್ಲಿ ಬಹಳ ಮಂದಿ 'ಕರ' ಬಿಟ್ಟು ಅಪ್ಪನ ಹೆಸರನ್ನೇ ಮನೆತನದ ಹೆಸರು ಮಾಡಿಕೊಂಡಿರುತ್ತಾರೆ. ಕವಿ ನಿಸಿಮ್ ಎಝೆಕಿಯಲ್ ಅವರ ಮನೆಯವರು ತಳ್ಕರ್. ಹಿಂದಿ ಚಿತ್ರಗಳ ನಟ ಡೇವಿಡ್ ಅವರ ಪೂರ್ತಿ ಹೆಸರು ಡೇವಿಡ್ ಅಬ್ರಹಾಂ ಚೇವುಲ್ಕರ್, ಅಂದರೆ ಚೌಲಿನವರು. ಮುಂಬಯಿಯ ಮೇಯರ್ ಆಗಿದ್ದ ಡಾಕ್ಟರ್ ಇ. ಮೋಸೆಸ್ ಅವರು ರಾಜಪುರ್ಕರ್. ಮಹಾಲಕ್ಷ್ಮಿಯಿಂದ ವರ್ಲಿಗೆ ಹೋಗುವ ರಸ್ತೆಗೆ ಅವರ ಹೆಸರೇ ಇದೆ, ಫಲಕದಲ್ಲಿ ರಾಜಪುರ್ಕರ್ ಎಂಬುದು ಮಾತ್ರ ಇಲ್ಲ. ಹೀಗಿರುವಾಗ ಹೆಸರಿನ ತಲೆ ಎಣಿಸಿದರೆ ಸಿಗುವುದು ಹೆಸರು ಉಳಿಸಿಕೊಂಡವರ ಲೆಕ್ಕ, ಮನೆತನದ ಲೆಕ್ಕವಲ್ಲ.

ಎರಡನೆಯ ಸೋಲಿಗೆ ಹಣವೂ ಹೋಯಿತು. ಹೀಬ್ರೂ ಓದಲು ಒಬ್ಬರನ್ನು ಗೊತ್ತುಮಾಡಿದ್ದೆ, ಪುಟಕ್ಕೆ ಇಷ್ಟು ಎಂದು. ಅವರು ಒಂದು ದಿನ "ಆಪ್ಟಾದ ರಬ್ಬಿ ಎಂದೇ ಬರೆದಿದೆ, ನಿಮ್ಮ ಊರು ಸಿಕ್ಕಿತು" ಎಂದರು. ನಾನು ಕುಣಿದಾಡಿದೆ. ಆಮೇಲೆ ತಿಳಿಯಿತು, ಪೋಲೆಂಡಿನ ಓಪಾಟೂಫ್ ಊರನ್ನು ಯೆಹೂದಿಗಳು ಕರೆಯುವುದೇ ಆಪ್ಟಾ ಎಂದು. 1825ರಲ್ಲಿ ತೀರಿಕೊಂಡ, ಹಸೀದೀ ಎಂಬ ಯೆಹೂದಿ ಭಕ್ತಿಪಂಥದ ಗುರು ಅಬ್ರಹಾಂ ಜೋಶುವಾ ಹೆಶೆಲ್ ಅವರನ್ನು ಇಂದಿಗೂ ಆಪ್ಟಾದ ರಬ್ಬಿ ಎಂದೇ ಕರೆಯುತ್ತಾರೆ. ಆ ಊರಿನಿಂದ ಆಪ್ಟರ್ ಎಂಬ ಮನೆತನದ ಹೆಸರೂ ಹುಟ್ಟಿದೆ. ಒಂದು ಹೆಸರಿಗೆ ಮೂರು ಬೇರು, ಮೂರೂ ಯೆಹೂದಿ! ಸುಮಾರು ಆರೂವರೆ ಸಾವಿರ ರೂಪಾಯಿ ಈ ಪೋಲೆಂಡಿನ ದಾರಿಯಲ್ಲಿ ಕರಗಿತು.

ಮೂರನೆಯದು ಡಿಎನ್‌ಎ. ಹುಡುಗನೇ ಆಸೆಪಟ್ಟ, ಖರ್ಚನ್ನು ಇಬ್ಬರೂ ಹಂಚಿಕೊಂಡೆವು. ನನ್ನ ಪಾಲು ನಾಲ್ಕು ಸಾವಿರದ ಮೇಲಾಯಿತು. ಬೆನೆ ಇಸ್ರೇಲರಲ್ಲಿ ಪಶ್ಚಿಮ ಏಷ್ಯಾದ ಯೆಹೂದಿ ಮೂಲವೂ ಭಾರತದ ಮೂಲವೂ ಎರಡೂ ಗಣನೀಯವಾಗಿ ಇವೆ ಎಂದು 2016ರ ಸಂಶೋಧನೆಯೇ ತೋರಿಸಿದೆ. ನಮ್ಮ ಪರೀಕ್ಷೆಯೂ ಅದನ್ನೇ ಹೇಳಿತು. ಔಷಧದ ಅಂಗಡಿಯ ಕವಲು ಅಲ್ಲ ಎಂಬುದು ಅಲ್ಲಿಗೆ ಖಚಿತವಾಯಿತು. ಆದರೆ ರಕ್ತ ಊರಿನ ಹೆಸರು ಹೇಳುವುದಿಲ್ಲ. ಹುಡುಗನಿಗೆ ಬೇಕಾಗಿದ್ದದ್ದು ಊರು.

ಅಷ್ಟು ಹೊತ್ತಿಗೆ ನಾನು ಆಪಟಾಕ್ಕೆ ನಾಲ್ಕು ಸಲ ಹೋಗಿ ಬಂದಿದ್ದೆ. "ಇಲ್ಲಿ ಆಪಟೇಕರ್ ಎಂಬ ಯೆಹೂದಿಗಳು ಇದ್ದರೇ?" ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಿದ್ದರು. ಐದನೆಯ ಸಲ ಒಬ್ಬ ಮುದುಕರು, ಎಂಬತ್ತು ದಾಟಿದವರು, ಜಗುಲಿಯ ಮೇಲೆ ಕೂರಿಸಿಕೊಂಡು ಸಿಟ್ಟಿನಿಂದಲೇ ಹೇಳಿದರು: "ಆಪಟಾದಲ್ಲಿ ಆಪಟೇಕರ ಯಾರಪ್ಪಾ? ನಾವೆಲ್ಲರೂ ಆಪಟೇಕರರೇ."

ಈ ಒಂದು ಮಾತು ನನ್ನ ಕಣ್ಣು ತೆರೆಸಿತು. ಅಂಕೋಲೆಯೊಳಗೆ ಯಾರನ್ನೂ ಅಂಕೋಲೇಕರ ಎಂದು ಕರೆಯುವುದಿಲ್ಲ. ಕಾರವಾರ ಕಡೆಯವನಾದ ನನಗೆ ಇದು ಮೊದಲ ದಿನವೇ ಹೊಳೆಯಬೇಕಿತ್ತು. ಊರಿನ ಹೆಸರು ಊರು ಬಿಟ್ಟ ಮೇಲೆ ಅಂಟಿಕೊಳ್ಳುವಂಥದ್ದು. ಹದಿನೆಂಟನೆಯ ಶತಮಾನದಲ್ಲಿ ಬೆನೆ ಇಸ್ರೇಲರು ಹಳ್ಳಿ ಬಿಟ್ಟು ಮುಂಬಯಿಗೆ, ಅಲ್ಲಿನ ಪಲ್ಟನ್ನುಗಳಿಗೆ, ಹಡಗುಕಟ್ಟೆಗೆ ಹೋಗತೊಡಗಿದಾಗ ಕಿಹೀಮಿನವನು ಕೆಹಿಮ್ಕರನಾದ, ದಿವೆಯವನು ದಿವೇಕರನಾದ, ಪೇಣದವನು ಪೇಣಕರನಾದ. ಮೂಲದ ಊರಿನಲ್ಲಿ ಆ ಹೆಸರು ಹುಡುಕುವುದು ವ್ಯರ್ಥ. ಹೋದ ಊರಿನಲ್ಲಿ ಹೆಸರು ಹಿಡಿಯಬೇಕು, ಬಿಟ್ಟ ಊರಿನಲ್ಲಿ ಮನುಷ್ಯನನ್ನು ಹಿಡಿಯಬೇಕು. ನನ್ನ ವಿಧಾನ ಇಷ್ಟೇ.

ಮನುಷ್ಯನನ್ನು ಹಿಡಿಯುವುದು ಹೇಗೆ? ಮನೆತನದ ಹೆಸರನ್ನು ಪೂರ್ತಿ ಪಕ್ಕಕ್ಕಿಟ್ಟೆ. ಪನ್ವೇಲಿನಿಂದ ರೋಹಾವರೆಗಿನ ಹಳೆಯ ಯೆಹೂದಿ ಸ್ಮಶಾನಗಳ ಕಲ್ಲುಗಳಿಂದ ಮಗ, ಅಪ್ಪ, ಅಜ್ಜ, ಹೆಂಡತಿ, ಈ ನಾಲ್ಕು ಹೆಸರು ಮಾತ್ರ ರಟ್ಟಿನ ಚೀಟಿಗಳ ಮೇಲೆ ಬರೆದುಕೊಂಡೆ. ಸುಮಾರು ಆರುನೂರ ನಲವತ್ತು ಚೀಟಿಗಳಾದವು. ಇದಕ್ಕೇ ಬಲ್ಲವರು ತಲೆ ಕೊಡವಿದ್ದು. ಮುಂಬಯಿಯ ಹಿರಿಯರೊಬ್ಬರು ಫೋನಿನಲ್ಲಿ, "ರಾಯರೇ, ಇಡೀ ಸಮುದಾಯದಲ್ಲಿ ಓಡಾಡುವುದು ಹದಿನೈದು-ಇಪ್ಪತ್ತು ಹೆಸರು. ಸ್ಯಾಮ್ಯುಯೆಲ್ ಮೋಸೆಸ್ ಎಂದರೆ ಯಾವ ಸ್ಯಾಮ್ಯುಯೆಲ್ ಎಂದು ಹೇಳುತ್ತೀರಿ?" ಎಂದು ಕೇಳಿದರು. ಮಾತು ಸರಿಯೇ. ಅಪ್ಪ-ಮಗನ ಜೋಡಿ ಒಂದನ್ನೇ ಹಿಡಿದರೆ ನನ್ನ ಪೆಟ್ಟಿಗೆಯಲ್ಲಿ ಹದಿನಾರೋ ಹದಿನೇಳೋ ಚೀಟಿ ಎದ್ದು ಬರುತ್ತಿದ್ದವು. ಅಜ್ಜನನ್ನು ಸೇರಿಸಿದರೆ ನಾಲ್ಕಕ್ಕೆ ಇಳಿಯಿತು. ಹೆಂಡತಿಯ ಹೆಸರು ಸೇರಿಸಿದಾಗ ಉಳಿದದ್ದು ಒಂದೇ ಒಂದು.

ಇದರಲ್ಲಿ ಒಂದು ಎಚ್ಚರ ಬೇಕು. ಹಳೆಯ ತಲೆಮಾರಿನವರ ಹೆಸರುಗಳು ಮರಾಠಿಯ ಅಚ್ಚಿನಲ್ಲಿರುತ್ತವೆ. ಸ್ಯಾಮ್ಯುಯೆಲ್ ಸಮಾಜಿ ಆಗಿರುತ್ತಾನೆ, ಎಝೆಕಿಯಲ್ ಹಸಾಜಿ ಆಗಿರುತ್ತಾನೆ. ಮೊಮ್ಮಕ್ಕಳ ಕಾಲಕ್ಕೆ ಹೀಬ್ರೂ ರೂಪ ಮರಳಿ ಬರುತ್ತದೆ. ಈ ಎರಡರ ಹೊಂದಾಣಿಕೆಯ ಪಟ್ಟಿಯನ್ನು ನಾನೇ ಮಾಡಿಕೊಂಡಿದ್ದೇನೆ. ಐದು ವರ್ಷದ ದುಡಿಮೆ ಅದು, ಇಲ್ಲಿ ಕೊಡುವುದಿಲ್ಲ. ಇನ್ನೊಂದು ಜರಡಿಯನ್ನು ಧಾರಾಳವಾಗಿ ಕೊಡುತ್ತೇನೆ: ಬೆನೆ ಇಸ್ರೇಲರಲ್ಲಿ ಪರಂಪರೆಯಿಂದ ಕೋಹೆನ್ ಪುರೋಹಿತ ಮನೆತನಗಳಿಲ್ಲ, ಅವರ ಸಹಾಯಕರಾದ ಲೇವಿಗಳೂ ಇಲ್ಲ. ಕಲ್ಲಿನ ಮೇಲೆ ಜೋಡಿ ಕೈ ಕೋಹೆನರ ಗುರುತು, ಹೂಜಿ ಲೇವಿಗಳದು. ಆಶೀರ್ವಾದದ ಜೋಡಿ ಕೈಗಳೋ ನೀರಿನ ಹೂಜಿಯೋ ಕೆತ್ತಿದ ಕಲ್ಲಿನ ಮೇಲೆ ಆಪಟೇಕರ್ ಎಂದು ಕಂಡರೆ ಅದು ಔಷಧದ ಅಂಗಡಿಯ ಕವಲು ಎಂದು ಮುಂದೆ ನಡೆಯಬಹುದು. ಇಸ್ರೇಲಿನಿಂದ ಬಂದ ಫೋಟೋಗಳಲ್ಲಿ ನಾಲ್ಕೈದನ್ನು ಇದೊಂದರಿಂದಲೇ ತಳ್ಳಿಹಾಕಿದೆ.

ಉಳಿದ ಆ ಒಂದು ಚೀಟಿಯ ಕಲ್ಲಿನ ಬಗ್ಗೆ ಹೇಳಲೇಬೇಕು. ಕರಿಕಲ್ಲು, ಮೊಣಕಾಲೆತ್ತರ, ಅರ್ಧ ಪಾಚಿ. ಮೊದಲ ಭೇಟಿಯಲ್ಲಿ ಸೀಮೆಸುಣ್ಣ ಉಜ್ಜಿ ಕೆಡಿಸಿದ್ದೆ. ಪುಡಿ ಬಿರುಕುಗಳಲ್ಲಿ ಕೂತು ಇಲ್ಲದ ಅಕ್ಷರಗಳನ್ನು ಹುಟ್ಟಿಸಿತು. ದಯವಿಟ್ಟು ಯಾರೂ ಸುಣ್ಣ ಹಚ್ಚಬೇಡಿ, ಕಲ್ಲಿಗೂ ಕೇಡು, ಓದಿಗೂ ಕೇಡು. ಒಂದು ಮಳೆಗಾಲ ಕಾದು, ತೊಳೆದುಹೋದ ಮೇಲೆ ನವೆಂಬರಿನಲ್ಲಿ ಮತ್ತೆ ಹೋದೆ. ಸಂಜೆ ಐದರ ಬಿಸಿಲು ಓರೆಯಾಗಿ ಬೀಳುವಾಗ, ಹೆಂಡತಿಯ ಅಲಮಾರಿಯ ಕನ್ನಡಿಯಿಂದ ಬೆಳಕನ್ನು ಬದಿಯಿಂದ ಹಾಯಿಸಿದೆ. ಮೊದಲು 'ಕರ' ಎದ್ದಿತು. ಆಮೇಲೆ 'ಆ'. ನಡುವೆ ದುಂಡಗಿನ 'ಟೇ'. ನಾಗರಿಯ ಆ ಟಕಾರ ಕಂಡಾಗ ಕನ್ನಡಿ ಹಿಡಿದ ಕೈ ನಡುಗಿತು. ಹೀಬ್ರೂ ಮುಚ್ಚಿಟ್ಟಿದ್ದನ್ನು ಆ ಒಂದು ಮರಾಠಿ ಅಕ್ಷರ ಬಿಚ್ಚಿ ಹೇಳಿತು. ದಸರೆಗೆ ಮಹಾರಾಷ್ಟ್ರದಲ್ಲಿ ಬಂಗಾರವೆಂದು ಕೈಗೆ ಕೊಡುವ, ನಡುವೆ ಸೀಳಿದ ಎಲೆಯ ಆಪಟಾ ಮರವಿದೆಯಲ್ಲ, ಅದೇ ಟಕಾರ.

ವರ್ಷ ಮಾತ್ರ ಸತಾಯಿಸಿತು. ಹೀಬ್ರೂವಿನಲ್ಲಿ ಅಕ್ಷರಗಳೇ ಅಂಕಿಗಳು. ನಮ್ಮ ಕಟಪಯಾದಿ ಬಲ್ಲವರಿಗೆ ಇದು ಬೇಗ ಒಗ್ಗುತ್ತದೆ. ತಾವ್ 400, ರೇಶ್ 200, ಮೇಮ್ 40 ಎಂದು ಸ್ಪಷ್ಟವಾಗಿತ್ತು. ಕೊನೆಯದು ಹೇ ಆದರೆ 5, ಹೇತ್ ಆದರೆ 8. ಸವೆದ ಕಲ್ಲಿನಲ್ಲಿ ಇವೆರಡನ್ನೂ ಬೇರ್ಪಡಿಸುವುದು ಕೂದಲೆಳೆಯ ಗೆರೆ. ಯೆಹೂದಿ ವರ್ಷದ ಸಾವಿರದ ಅಂಕಿ ಬಿಟ್ಟು ಬರೆಯುವ ಈ ಲೆಕ್ಕಕ್ಕೆ 1240 ಕೂಡಿಸಿದರೆ ನಮ್ಮ ಇಸವಿ: 645 ಆದರೆ 1885, 648 ಆದರೆ 1888. ಕೆಳಗೆ ಮರಾಠಿಯಲ್ಲಿ ಶಕೆ 1807 ಎಂದಿತ್ತು. 78 ಕೂಡಿಸಿದರೆ 1885. ಅಲ್ಲಿಗೆ ಅದು ಹೇ ಎಂದು ತೀರ್ಮಾನವಾಯಿತು. ಶಾಲಿವಾಹನ ಶಕೆ ಯೆಹೂದಿ ಗೋರಿಯ ಮೇಲೆ ನನ್ನ ಲೆಕ್ಕ ಉಳಿಸಿದ ಸಂತೋಷ ಇನ್ನೂ ಹಸಿಯಾಗಿದೆ.

ಇನ್ನು ಬಿಟ್ಟ ಊರಿನ ಕಡೆಯ ಸಾಕ್ಷಿ. ಸುತ್ತಿನ ಒಂದು ಹಳೆಯ ಕಿರಾಣಿ ಮನೆಯವರ ಅಟ್ಟದಲ್ಲಿ ಮೋಡಿ ಎಂಬ, ಮರಾಠಿಯ ಹಳೆಯ ಕೂಡುಬರಹದ ಲಿಪಿಯ ಖಾತೆ ಪುಸ್ತಕ ಇದೆ ಎಂದು ತಿಳಿಯಿತು. ಬೆಳಗಾವಿಯಲ್ಲಿ ಹೊಲದ ಕಾಗದಗಳಿಗಾಗಿ ಕಲಿತ ಮೋಡಿ ಇಲ್ಲಿ ಕೈಹಿಡಿಯಿತು. ಆ ಮನೆಯವರನ್ನು ಹೇಗೆ ಒಪ್ಪಿಸಿದೆ ಎಂಬುದು ನನ್ನಲ್ಲೇ ಇರಲಿ. ಕೊಂಕಣದಲ್ಲಿ ಬೆನೆ ಇಸ್ರೇಲರು ಎಣ್ಣೆ ತೆಗೆಯುವವರಾಗಿದ್ದರು, ಯೆಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರ ಗಾಣ ಕಟ್ಟುತ್ತಿರಲಿಲ್ಲ, ಅದಕ್ಕೆ 'ಶನವಾರ ತೇಲಿ', ಎಂದರೆ ಶನಿವಾರದ ಗಾಣಿಗರು, ಎಂದು ಹೆಸರು. ಖಾತೆಯಲ್ಲಿ ಎಣ್ಣೆ ತಂದುಕೊಟ್ಟವನ ಹೆಸರೂ ಅಪ್ಪನ ಹೆಸರೂ ಇದ್ದವು, ನನ್ನ ಚೀಟಿಯ ಅಪ್ಪ-ಅಜ್ಜರ ಜೋಡಿಯೇ. ಅಷ್ಟಕ್ಕೇ ನಿಲ್ಲದೆ ವಾರಗಳನ್ನೂ ಎಣಿಸಿದೆ. ಹದಿನಾಲ್ಕು ತಿಂಗಳ ಪುಟಗಳಲ್ಲಿ ಅವನ ಎಣ್ಣೆ ಬಂದದ್ದು ನೂರಕ್ಕೂ ಹೆಚ್ಚು ಸಲ, ಶನಿವಾರ ಒಂದು ಸಲವೂ ಇಲ್ಲ. ಬೇರೆ ತೇಲಿಗಳ ಎಣ್ಣೆ ಶನಿವಾರವೂ ಬಂದಿದೆ. ಮನೆತನದ ಹೆಸರು ಒಂದು ಕಡೆಯೂ ಇಲ್ಲದ ಪುಸ್ತಕದಿಂದ ಮನೆತನವನ್ನು ಹಿಡಿದೆ. ಇದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತೇನೆ.

ನಡುವೆ ಒಂದು ಅಡ್ಡದಾರಿಯನ್ನೂ ತುಳಿದೆ. ದಿವೇಕರ್ ಮನೆತನದ ಸಮಾಜಿ ಹಸಾಜಿ, ಎಂದರೆ ಸ್ಯಾಮ್ಯುಯೆಲ್ ಎಝೆಕಿಯಲ್ ದಿವೇಕರ್, ಕಂಪನಿಯ ಸೈನ್ಯದಲ್ಲಿದ್ದು ಎರಡನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿಗೆ ಸೆರೆಸಿಕ್ಕವರು. ಟಿಪ್ಪುವಿನ ತಾಯಿಯ ಮಾತಿನಿಂದ ಬಿಡುಗಡೆಯಾಯಿತೆಂದು ಸಮುದಾಯದ ನೆನಪು. ಹಿಂದಿರುಗಿ 1796ರಲ್ಲಿ ಮುಂಬಯಿಯ ಮೊದಲ ಸಿನಗಾಗ್, ಎಂದರೆ ಯೆಹೂದಿ ಪ್ರಾರ್ಥನಾಮಂದಿರ, ಕಟ್ಟಿಸಿದರು. ನಮ್ಮ ನಾಡಿಗೆ ತಾಗಿದ ಸಂಗತಿ ಎಂಬ ಆಸೆಗೆ ನನ್ನ ಚೀಟಿಗಳ ವಿಧಾನವನ್ನು ದಿವೇಕರರ ಮೇಲೂ ಹಚ್ಚಿ ನೋಡಿದೆ. ಕೂಡಿಬರಲಿಲ್ಲ. ದಿವೇಕರ್ ಹೆಸರು ಹಿಂದೂಗಳಲ್ಲೂ ಧಾರಾಳ, ಮುಂಬಯಿಯ ಕಲ್ಲುಗಳೂ ವಿಪರೀತ. ಹಳ್ಳಿಗೆ ಒಂದೆರಡೇ ಯೆಹೂದಿ ಮನೆಗಳಿದ್ದ ಕಡೆ ಮಾತ್ರ ಈ ಜರಡಿ ಹಿಡಿಯುತ್ತದೆ ಎಂದು ಹೀಗೆ ಗೊತ್ತಾಯಿತು.

ಹುಡುಗ ಕಳೆದ ಚಳಿಗಾಲದಲ್ಲಿ ಬಂದಿದ್ದ. ಅಲಿಬಾಗಿನ ಒಂದು ಮನೆಯಲ್ಲಿ ಅವನಿಗಾಗಿ ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಮಲೀದಾ ಎಂಬ ನೈವೇದ್ಯ ಇಟ್ಟಿದ್ದರು. ತಟ್ಟೆಯ ತುಂಬ ಅವಲಕ್ಕಿ, ಕಾಯಿತುರಿ, ಸಿಹಿ, ಏಲಕ್ಕಿ, ಮೇಲೆ ಹಣ್ಣು. ನಮ್ಮ ಸಿಹಿ ಅವಲಕ್ಕಿಯೇ. ಮರುದಿನ ಆಪಟಾದ ಆ ಮುದುಕರ ಜಗುಲಿಗೆ ಕರೆದುಕೊಂಡು ಹೋದೆ. "ಅಜೋಬಾ, ಇವನು ಆಪಟೇಕರ" ಎಂದೆ. ಅವರು ಹುಡುಗನ ಮುಖವನ್ನು ಬಹಳ ಹೊತ್ತು ನೋಡಿ, "ಹೊರಗಿನಿಂದ ಬಂದಿದ್ದಾನಲ್ಲ, ಈಗ ಹೇಳಬಹುದು" ಎಂದರು.

ಹುಡುಗ ಕೊಟ್ಟದ್ದು ಇಪ್ಪತ್ತೈದು ಸಾವಿರ. ಉಳಿದ ಹದಿನೈದು ನನ್ನ ಪಾಲಿನ ಕಲಿಕೆಯ ಶುಲ್ಕ. ಚೀಟಿಗಳ ಪೆಟ್ಟಿಗೆ ನನ್ನಲ್ಲಿದೆ. ಪನ್ವೇಲ್, ಪೇಣ, ರೋಹಾ ಸುತ್ತಿನ ಹಳ್ಳಿಗಳ ಯಾವುದೇ 'ಕರ' ಯೆಹೂದಿ ಮನೆತನದ ಮಗ, ಅಪ್ಪ, ಅಜ್ಜ, ಹೆಂಡತಿ, ಈ ನಾಲ್ಕು ಹೆಸರು ನಿಮ್ಮಲ್ಲಿದ್ದರೆ ಕಳುಹಿಸಿ, ಹಣವಿಲ್ಲದೆ ಹೊಂದಿಸಿ ನೋಡುತ್ತೇನೆ. ಮೂರೇ ಹೆಸರಿದ್ದರೆ ಬೇಡ. ಹೆಂಡತಿಯ ಹೆಸರು ಮೊದಲು ಹುಡುಕಿಕೊಂಡು ಬನ್ನಿ.