ಹಣೆಪಟ್ಟಿ ಹಚ್ಚಿದಾಗ ಪ್ರಶ್ನೆ ಕೈಬಿಡದೆ ಇರೋದು ಹೇಗೆ

ನಮ್ಮ ಏರಿಯಾ ವಾಟ್ಸಾಪ್ ಗ್ರೂಪಲ್ಲಿ ನಾನು ಕೇಳಿದ್ದು ಇಷ್ಟೇ, ಮೋರಿ ಅಗೆದು ಐದು ತಿಂಗಳಾಯ್ತು, ಸ್ಲ್ಯಾಬ್ ಯಾವಾಗ ಮುಚ್ತಾರೆ, ಕಾಂಟ್ರಾಕ್ಟರ್ ಯಾರು ಅಂತ. ಹತ್ತೇ ನಿಮಿಷಕ್ಕೆ ಒಬ್ರು "ಈ ಗಂಜಿ ಗಿರಾಕಿಗಳಿಗೆ ಅಭಿವೃದ್ಧಿ ಕಂಡ್ರೆ ಆಗಲ್ಲ" ಅಂದ್ರು, ಎಡಪಂಥದವರನ್ನ ಬೈಯೋ ಪದ ಅದು. ಅಲ್ಲಿಂದ ರಾತ್ರಿವರೆಗೂ ಮೆಸೇಜ್ ಮೇಲೆ ಮೆಸೇಜು, ಮೋರಿ ಬಗ್ಗೆ ಒಂದೂ ಇಲ್ಲ. 2023ರಲ್ಲಿ ಸರ್ಕಾರ ಬದಲಾದ್ಮೇಲೆ ಬೇರೆ ಕಾಮಗಾರಿ ಬಗ್ಗೆ ಇದೇ ಥರ ಕೇಳಿದ್ದಕ್ಕೆ ನಾನು "ಭಕ್ತ" ಆದೆ, ಅಂದ್ರೆ ಬಿಜೆಪಿಯ ಕುರುಡು ಅಭಿಮಾನಿ. ಎರಡು ಸಲಾನೂ ಪ್ರಶ್ನೆ ಹಾಗೇ ಉಳೀತು. ಆಮೇಲೆ ನಾನು ಕಲ್ತಿದ್ದನ್ನ ಇಲ್ಲಿ ಬರೀತಿದೀನಿ, ನಿಮಗೂ ಬೇಕಾಗುತ್ತೆ.

ಮೊದಲು ಒಂದು ವಿಷ್ಯ ತಲೇಲಿ ಇಟ್ಕೊಳಿ. ಗ್ರೂಪಲ್ಲಿ ಇನ್ನೂರು ಜನ ಇದ್ರೆ ಜಗಳ ಆಡೋದು ನಾಕೈದು ಜನ, ಉಳಿದವರೆಲ್ಲ ಸುಮ್ನೆ ಓದ್ತಿರ್ತಾರೆ. ಹಣೆಪಟ್ಟಿ ಹಚ್ಚೋದು ಆ ಓದೋರಿಗೋಸ್ಕರ, ಇವನ ಮಾತು ಕೇಳ್ಬೇಡಿ ಅಂತ ಅವರಿಗೆ ಹೇಳೋಕೆ. ಹಾಗಾಗಿ ನಿಮ್ಮ ಉತ್ತರಾನೂ ಅವರಿಗೋಸ್ಕರ ಇರ್ಬೇಕು, ಬೈದವನನ್ನ ಗೆಲ್ಲೋಕೆ ಹೋಗ್ಬೇಡಿ.

ಉತ್ತರ ಟೈಪ್ ಮಾಡೋಕ್ ಮುಂಚೆ ನಿಮ್ಮ ಮೂಲ ಪ್ರಶ್ನೆನ ಕಾಪಿ ಮಾಡಿ ಇಟ್ಕೊಳಿ. ಆಮೇಲೆ ಅವರ ವಾಕ್ಯದಿಂದ ಆ ಬಿರುದನ್ನ ತೆಗೆದು ಓದಿ ನೋಡಿ. ಏನಾದ್ರೂ ಉಳಿದ್ರೆ, ಒಂದು ಲೆಕ್ಕ, ಒಂದು ಘಟನೆ, ಒಂದು ಕೋರ್ಟ್ ತೀರ್ಪು, ಅದಕ್ಕೆ ಮರ್ಯಾದೆಯಿಂದ ಉತ್ತರ ಕೊಡಿ, ಯಾಕಂದ್ರೆ ಎಲ್ಲ ಹಣೆಪಟ್ಟಿನೂ ಸುಳ್ಳಲ್ಲ, ಪಕ್ಷದ ಪದಾಧಿಕಾರಿ ಆಗಿರೋನನ್ನ ಪಕ್ಷದವನು ಅನ್ನೋದು ಬರೀ ಮಾಹಿತಿ. ಏನೂ ಉಳಿಲಿಲ್ಲ ಅಂದ್ರೆ "ಈ ಪದದ ಅರ್ಥ ಏನು, ಯಾರ್ಯಾರು ಇದರಲ್ಲಿ ಬರ್ತಾರೆ" ಅಂತ ಒಂದೇ ಸಲ ಕೇಳಿ.

ಈ ಅರ್ಥ ಕೇಳೋದು ಎಷ್ಟು ಕೆಲಸ ಮಾಡುತ್ತೆ ಅನ್ನೋದಕ್ಕೆ ಒಳ್ಳೆ ಉದಾಹರಣೆ ಇದೆ. "ಟುಕಡೆ ಟುಕಡೆ ಗ್ಯಾಂಗ್", ಅಂದ್ರೆ ದೇಶನ ತುಂಡು ತುಂಡು ಮಾಡೋರು, ಅನ್ನೋ ಮಾತನ್ನ ಗೃಹ ಸಚಿವ ಅಮಿತ್ ಶಾ ಅವರೇ ಡಿಸೆಂಬರ್ 2019ರಲ್ಲಿ ದೆಹಲಿ ಭಾಷಣದಲ್ಲಿ ಬಳಸಿದ್ರು. ಅದರ ಬಗ್ಗೆ ಆರ್‌ಟಿಐ ಹಾಕಿ ಕೇಳಿದ್ರೆ ಜನವರಿ 2020ರಲ್ಲಿ ಅವರದೇ ಗೃಹ ಸಚಿವಾಲಯ ಅಂಥ ಗ್ಯಾಂಗ್ ಬಗ್ಗೆ ನಮ್ಮ ಹತ್ರ ಮಾಹಿತಿ ಇಲ್ಲ ಅಂತ ಉತ್ತರ ಕೊಡ್ತು. ಟೀವಿಲಿ ವರ್ಷಗಟ್ಟಲೆ ಓಡಿದ ಪದ, ಫೈಲಲ್ಲಿ ಇಲ್ಲ!

ಇದೇ ಆಟದ ಹಳೇ ರೂಪ ಅಮೆರಿಕಾದ್ದು. ಸೆನೆಟರ್ ಜೋಸೆಫ್ ಮೆಕಾರ್ತಿ ಫೆಬ್ರವರಿ 9, 1950ರಂದು ವೀಲಿಂಗ್ ಅನ್ನೋ ಊರಲ್ಲಿ ವಿದೇಶಾಂಗ ಇಲಾಖೆಯಲ್ಲಿರೋ ಕಮ್ಯುನಿಸ್ಟರ ಪಟ್ಟಿ ನನ್ನ ಕೈಲಿದೆ, 205 ಜನ ಅಂದ ಅಂತ ವರದಿ ಆಯ್ತು. ಕೆಲವೇ ದಿನದಲ್ಲಿ 57 ಅಂದ, ಅದೇ ತಿಂಗಳು ಸೆನೆಟಲ್ಲಿ 81 ಅಂದ. ಆ ನಂಬರ್ ಹೀಗೆ ಕುಣಿಯೋದನ್ನ ನೋಡಿದ್ಮೇಲೂ ಜನ ಹೆದರಿದ್ರು, ಕೆಲಸ ಕಳ್ಕೊಂಡ್ರು. ಇದರಲ್ಲಿ ನನಗೆ ಮುಖ್ಯ ಅನ್ಸೋದು ಮಾರ್ಗರೆಟ್ ಚೇಸ್ ಸ್ಮಿತ್. ಮೆಕಾರ್ತಿಯದೇ ರಿಪಬ್ಲಿಕನ್ ಪಕ್ಷದ ಸೆನೆಟರ್ ಆಕೆ, ಜೂನ್ 1, 1950ಕ್ಕೇ ಎದ್ದು ನಿಂತು ಇದು ತಪ್ಪು ಅಂದ್ರು. ಕೊನೆಗೆ ಡಿಸೆಂಬರ್ 1954ರಲ್ಲಿ ಸೆನೆಟ್ 67-22 ಮತದಿಂದ ಅವನನ್ನ ಖಂಡಿಸ್ತು, ಅದರಲ್ಲಿ ಅವನ ಪಕ್ಷದವರೂ ಇದ್ರು. ಹಣೆಪಟ್ಟಿಗೆ ಬ್ರೇಕ್ ಹಾಕೋ ಶಕ್ತಿ ಇರೋದು ಹಚ್ಚಿದವನ ಕಡೆಯವರಿಗೇನೆ, ಎದುರು ಪಕ್ಷದವರು ಎಷ್ಟು ಕೂಗಿದ್ರೂ "ನೋಡಿ, ಚುಚ್ತು" ಅಂತಾರೆ ಅಷ್ಟೆ. ಆದ್ರಿಂದ ಆ ಕಡೆ ನಿಮಗೆ ಗೊತ್ತಿರೋ ಒಬ್ಬ ಯೋಗ್ಯರಿಗೆ ಪರ್ಸನಲ್ ಆಗಿ ಫೋನ್ ಮಾಡಿ, "ಅಣ್ಣ, ನೀವು ಒಂದು ಮಾತು ಹೇಳಿದ್ರೆ ನಿಲ್ಲುತ್ತೆ" ಅನ್ನಿ.

ಇನ್ನೊಂದು ಗಮನಿಸಿ, ಗ್ಯಾಂಗ್, ಲಾಬಿ, ಮಾಫಿಯಾ ಅಂತ ಬಾಲ ಸೇರಿಸಿ ಒಬ್ಬರಿಗೊಬ್ಬರು ಸಂಬಂಧ ಇಲ್ಲದವರನ್ನ ಒಂದೇ ಮೂಟೇಲಿ ಕಟ್ತಾರೆ. 1975ರ ಎಮರ್ಜೆನ್ಸಿಲಿ ನಮ್ಮ ಬೆಂಗಳೂರು ಸೆಂಟ್ರಲ್ ಜೈಲಲ್ಲೇ ಜನಸಂಘದ ಅಡ್ವಾಣಿ, ಸಮಾಜವಾದಿ ಮಧು ದಂಡವತೆ ಒಟ್ಟಿಗೆ ಇದ್ರು, ಇಬ್ಬರ ವಿಚಾರಕ್ಕೂ ಅಜಗಜಾಂತರ, ಆದ್ರೆ ಅವತ್ತಿನ ಸರ್ಕಾರದ ಕಣ್ಣಿಗೆ ಇಬ್ಬರೂ ದೇಶದ ಭದ್ರತೆಗೆ ಅಪಾಯ. 2020-21ರಲ್ಲಿ ಕೇಂದ್ರದ ಕೃಷಿ ಕಾಯ್ದೆಗಳ ವಿರುದ್ಧ ದೆಹಲಿ ಗಡಿಲಿ ಕೂತ ರೈತರಿಗೆ ಖಾಲಿಸ್ತಾನಿ ಅಂದ್ರು, ಫೆಬ್ರವರಿ 8, 2021ರಂದು ಪ್ರಧಾನಿ ರಾಜ್ಯಸಭೆಯಲ್ಲಿ "ಆಂದೋಲನಜೀವಿ", ಅಂದ್ರೆ ಚಳವಳಿ ಮೇಲೇ ಬದುಕೋರು, ಅನ್ನೋ ಹೊಸ ಪದ ತಂದ್ರು, ನವೆಂಬರ್ 19ಕ್ಕೆ ಅವರೇ ಕಾಯ್ದೆ ವಾಪಸ್ ತಗೋತೀವಿ ಅಂದ್ರು. ರೈತರು ಒಂದು ವರ್ಷ ಬೈಗುಳಕ್ಕೆ ಉತ್ತರ ಕೊಡ್ತಾ ಕೂರದೆ ಕಾಯ್ದೆ, ಬೆಂಬಲ ಬೆಲೆ ಅಂತ ಮುಖ್ಯವಾಗಿ ಎರಡು ಮಾತು ಹಿಡ್ಕೊಂಡಿದ್ದು ನೋಡಿ ಕಲೀಬೇಕು.

ಹಣೆಪಟ್ಟಿನ ನಾವೇ ಎದೆ ಮೇಲೆ ಹಾಕ್ಕೊಳೋ ದಾರಿನೂ ಇದೆ. ಸೆಪ್ಟೆಂಬರ್ 5, 2018, ಗೌರಿ ಲಂಕೇಶ್ ಹತ್ಯೆಗೆ ಒಂದು ವರ್ಷ, ಬೆಂಗಳೂರಿನ ಸಭೇಲಿ ಗಿರೀಶ್ ಕಾರ್ನಾಡರು ಮೂಗಿಗೆ ಆಕ್ಸಿಜನ್ ಪೈಪ್ ಹಾಕ್ಕೊಂಡೇ "ಮೀ ಟೂ ಅರ್ಬನ್ ನಕ್ಸಲ್" (ನಾನೂ ನಗರದ ನಕ್ಸಲ) ಅನ್ನೋ ಬೋರ್ಡ್ ಕುತ್ತಿಗೆಗೆ ತೂಗಿಸ್ಕೊಂಡು ಕೂತಿದ್ರು. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಗಂಟಲು ಕಟ್ಟುತ್ತೆ ನನಗೆ. ಆದ್ರೆ ಅವರ ಮೇಲೂ ಪೊಲೀಸ್ ಕಂಪ್ಲೇಂಟ್ ಹೋಯ್ತು. ಕೆಲಸಕ್ಕೆ ಹುಡುಕ್ತಿರೋ ಹುಡುಗ ಹುಡುಗಿಯರಿಗೆ ಹಾಗೆ ಮಾಡಿ ಅಂತ ನಾನು ಹೇಳಲ್ಲ. ಬೆಂಗಳೂರಿನ ದಿಶಾ ರವಿಗೆ ಆಗ 22 ವರ್ಷ, ರೈತ ಹೋರಾಟಕ್ಕೆ ಬೆಂಬಲ ಕೊಡೋದು ಹೇಗೆ ಅನ್ನೋ "ಟೂಲ್‌ಕಿಟ್" ದಾಖಲೆ ಹಂಚಿದ್ರು ಅಂತ ಫೆಬ್ರವರಿ 13, 2021ರಂದು ದೆಹಲಿ ಪೊಲೀಸರು ಕರ್ಕೊಂಡ್ ಹೋದ್ರು, ಆ ಸಾಮಾನ್ಯ ಪದಾನೇ ಬೈಗುಳ ಆಗಿಹೋಯ್ತು, ಸಾಕ್ಷ್ಯ ತೀರಾ ಅಲ್ಪ ಅಂತ ಕೋರ್ಟ್ 23ಕ್ಕೆ ಜಾಮೀನು ಕೊಟ್ಟಿತು. ಹತ್ತು ದಿನ ಮಗಳು ಕಸ್ಟಡಿಲಿ ಇದ್ರೆ ಮನೆಯವರ ಗತಿ ಯೋಚ್ನೆ ಮಾಡಿ.

ಮಾತು ಬೆದರಿಕೆಗೆ ತಿರುಗಿದ್ರೆ, ಮನೆ ವಿಳಾಸ ಹಾಕೋದು, ನೋಡ್ಕೋತೀವಿ ಅನ್ನೋದು, ಆಗ ಚರ್ಚೆ ಅಲ್ಲಿಗೇ ನಿಲ್ಸಿ. ತಾರೀಖು, ನಂಬರ್ ಕಾಣೋ ಹಾಗೆ ಸ್ಕ್ರೀನ್‌ಶಾಟ್ ತಗೊಂಡು ಲಿಂಕೂ ಸೇವ್ ಮಾಡಿ, ಮೂಲ ಮೆಸೇಜ್ ಡಿಲೀಟ್ ಮಾಡ್ಬೇಡಿ, ಲಿಖಿತ ದೂರು ಕೊಟ್ಟು ಸ್ವೀಕೃತಿ ಇಸ್ಕೊಳಿ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೆದರಿಕೆಗೆ ಸೆಕ್ಷನ್ 351, ಮಾನಹಾನಿಗೆ 356.

ಕೊನೇದು ನಮ್ಮ ಕೈಲಿರೋದು. ಡೀಸೆಲ್ ರೇಟ್ ಬಗ್ಗೆ ಮಾತಾಡ್ತಾ ನಾನು ನನ್ನ ಚಿಕ್ಕಪ್ಪನಿಗೇ ಅಂಧಭಕ್ತ ಅಂದಿದ್ದೆ, ಎಲ್ಲರ ಮುಂದೆ. ಎರಡು ವರ್ಷ ಅವರು ನನ್ನ ಹತ್ರ ಸರಿಯಾಗಿ ಮಾತಾಡ್ಲಿಲ್ಲ, ಟ್ರ್ಯಾಕ್ಟರ್ ಇಟ್ಕೊಂಡಿರೋ ಅವರಿಗೆ ಡೀಸೆಲ್ ಲೆಕ್ಕ ನನಗಿಂತ ಚೆನ್ನಾಗಿ ಗೊತ್ತಿತ್ತು, ನಾನು ಅದನ್ನ ಕೇಳಿಸ್ಕೊಳ್ಳೇ ಇಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ಕ್ಷಮೆ ಕೇಳ್ದೆ. ಚಡ್ಡಿ, ಲದ್ದಿಜೀವಿ, ಗುಲಾಮ, ಇವು ಯಾವುದೂ ಈಗ ನನ್ನ ಫೋನಿಂದ ಹೋಗಲ್ಲ.

ನೀವು ಗ್ರೂಪ್ ಅಡ್ಮಿನ್ ಆಗಿದ್ರೆ ಇದನ್ನ ಪಿನ್ ಮಾಡಿ, ನಮ್ಮ ಗ್ರೂಪಲ್ಲಿ ಮಾಡಿದೀವಿ: "ಪ್ರಶ್ನೆ ಕೇಳಿದವರು ಯಾವ ಪಕ್ಷ ಅಂತ ಕೇಳೋಕ್ ಮುಂಚೆ ಪ್ರಶ್ನೆಗೆ ಒಂದು ಸಾಲು ಉತ್ತರ ಬರೀರಿ. ಉತ್ತರ ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತ ಬರೀರಿ."