ನಾಯಿಯ ಕಾಲು ತೊಳೆದರೆ ಸಾಲದು, ಒಣಗಿಸಬೇಕು

ನಮ್ಮ ಚುಕ್ಕಿ ಒಂದು ಸಂಜೆ ಹುಲ್ಲಿನಲ್ಲಿ ಓಡಾಡುತ್ತಿದ್ದವಳು ಕುಂಯ್ ಎಂದು ಮುಂಗಾಲು ಎತ್ತಿಕೊಂಡು ನಿಂತುಬಿಟ್ಟಳು. ಜೇನುಹುಳ ಕಚ್ಚಿತ್ತು. ಬೆರಳ ಸಂದಿಯಲ್ಲಿ ಕೊಂಡಿ ಇನ್ನೂ ಸಿಕ್ಕಿಕೊಂಡೇ ಇತ್ತು. ಕಚ್ಚಿದ ಮೇಲೂ ಸ್ವಲ್ಪ ಹೊತ್ತು ಅದರಿಂದ ವಿಷ ಇಳಿಯುತ್ತಲೇ ಇರುತ್ತದೆ, ಅದಕ್ಕೇ ತಡಮಾಡದೆ ಉಗುರಿನಿಂದ ಕೆರೆದು ತೆಗೆದೆ. ಬಟ್ಟೆಯಲ್ಲಿ ಐಸ್ ಸುತ್ತಿ ಬಿಟ್ಟು ಬಿಟ್ಟು ಒತ್ತಿದೆ. ಆಮೇಲೆ ಎರಡು ಗಂಟೆ ಪಕ್ಕದಲ್ಲೇ ಕೂತು ಅವಳ ಮುಖವನ್ನೇ ನೋಡುತ್ತಿದ್ದೆ. ಮುಖ ಊದಿಕೊಂಡರೆ, ವಾಂತಿಯಾದರೆ, ಉಸಿರಾಡಲು ಕಷ್ಟಪಟ್ಟರೆ, ಒಸಡು ಬಿಳಿಚಿಕೊಂಡರೆ ಮನೆಮದ್ದು ಮಾಡುತ್ತಾ ಕೂರಬಾರದು, ತಕ್ಷಣ ಎತ್ತಿಕೊಂಡು ಡಾಕ್ಟರ್ ಹತ್ತಿರ ಓಡಬೇಕು. ಅವಳಿಗೆ ಹಾಗೇನೂ ಆಗಲಿಲ್ಲ.

ತೊಂದರೆ ಶುರುವಾದದ್ದು ಮೂರು ದಿನದ ಮೇಲೆ. ಬಾವು ಇಳಿದಿತ್ತು, ಆದರೆ ನೆಕ್ಕುವುದು ನಿಲ್ಲಲಿಲ್ಲ. ರಾತ್ರಿ ದೀಪ ಆರಿಸಿದರೆ ಸಾಕು, ಚಪ್ ಚಪ್ ಸದ್ದು. ಸಂದಿ ಕೆಂಪಗಾಯಿತು, ಅಲ್ಲಿನ ಬಿಳಿ ಕೂದಲು ಎಂಜಲಿನಿಂದ ಕಂದು ಬಣ್ಣಕ್ಕೆ ತಿರುಗಿತು, ಕಾಲಿನಿಂದ ಒಂಥರಾ ಹುಳಿ ವಾಸನೆ. ಕೊಳೆ ಇರಬೇಕು ಎಂದುಕೊಂಡು ದಿನಕ್ಕೆ ಮೂರು ಸಲ ನಮ್ಮದೇ ಮೈಸೋಪು ಹಾಕಿ ತೊಳೆದೆ. ಇನ್ನೂ ಜಾಸ್ತಿಯಾಯಿತು.

ಡಾಕ್ಟರ್ ಸಂದಿಗೆ ಟೇಪ್ ಅಂಟಿಸಿ ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿ ಯೀಸ್ಟ್ ಎಂದರು, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಒಂಥರಾ ಬೂಷ್ಟು. ಆಮೇಲೆ ಒಂದೇ ಪ್ರಶ್ನೆ: "ತೊಳೀತೀರಿ ಸರಿ, ಒರೆಸ್ತೀರಾ?" ಒರೆಸುತ್ತಿದ್ದೆ, ಮೇಲೆ ಮೇಲೆ. ಸಂದಿಯೊಳಗೆ ಬಟ್ಟೆ ಹೋಗಿರಲೇ ಇಲ್ಲ. ಯೀಸ್ಟ್ ಆರೋಗ್ಯವಾಗಿರುವ ನಾಯಿಯ ಚರ್ಮದಲ್ಲೂ ಸ್ವಲ್ಪ ಇರುತ್ತದಂತೆ, ತೇವ ಸಿಕ್ಕರೆ ಹೆಚ್ಚುತ್ತದೆ, ಹೆಚ್ಚಿದರೆ ನವೆ, ನವೆಯಾದರೆ ನೆಕ್ಕುತ್ತಾಳೆ, ನೆಕ್ಕಿದರೆ ಮತ್ತೆ ತೇವ. ಅದಕ್ಕೆ ದಿನಾ ಮೂರು ಸಲ ನೀರು ಸೇರಿಸುತ್ತಿದ್ದವಳು ನಾನು. ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ.

ಅವರು ಹೇಳಿದಂತೆ ಮೈಸೋಪು ಬಿಟ್ಟೆ. ವಾರಕ್ಕೆ ಎರಡು ಸಲ ಯೀಸ್ಟ್ ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಶಾಂಪೂ. ನೊರೆ ಹಚ್ಚಿ 10 ನಿಮಿಷ ಬಿಡಬೇಕು, ಸುಮ್ನೆ ಹಚ್ಚಿ ತೊಳೆದರೆ ಉಪಯೋಗವಿಲ್ಲ. ಆ ಹತ್ತು ನಿಮಿಷ ಅವಳನ್ನು ನೆಕ್ಕದಂತೆ ಹಿಡಿದಿಡುವುದೇ ದೊಡ್ಡ ಕೆಲಸ! ಆಮೇಲೆ ಚೆನ್ನಾಗಿ ತೊಳೆದು, ಹಳೆಯ ತೆಳು ಹತ್ತಿ ಬಟ್ಟೆಯನ್ನು ಬೆರಳಿಗೆ ಸುತ್ತಿಕೊಂಡು ಒಂದೊಂದೇ ಸಂದಿ ಬಿಡಿಸಿ ಒರೆಸುತ್ತೇನೆ. ಅಂಗಾಲಿನ ಮೆತ್ತೆಗಳ ನಡುವೆಯೂ ಸಂದಿ ಇದೆ, ಅದನ್ನು ಮರೆಯಬೇಡಿ. ಉಳಿದ ದಿನ ಹೊರಗಿಂದ ಬಂದಾಗ ಬರೀ ನೀರು, ಮತ್ತೆ ಇದೇ ಒರೆಸುವಿಕೆ.

ನೆಕ್ಕದಿರಲೆಂದು ಕೊರಳಿಗೆ ಕೋನ್, ಅಂದರೆ ಮುಖದ ಸುತ್ತ ಬರುವ ಆಲಿಕೆಯಂಥ ಪಟ್ಟಿ ಹಾಕಿದ್ದೆವು. ಬಾಗಿಲಿಗೆಲ್ಲ ಬಡಿದುಕೊಂಡು ಓಡಾಡುವುದನ್ನು ನೋಡಲಾಗದೆ ಒಂದು ರಾತ್ರಿ ಬಿಚ್ಚಿದೆ. ಬೆಳಗಾಗುವಷ್ಟರಲ್ಲಿ ಆರುತ್ತಿದ್ದ ಚರ್ಮ ಮತ್ತೆ ಹಸಿಯಾಗಿತ್ತು. ಪಾಪ ಅನ್ನಿಸಿದರೂ ಬಿಚ್ಚಬೇಡಿ.

ಹೀಗೆ ದಿನಾ ಸಂದಿ ಬಿಡಿಸಿ ನೋಡುವಾಗಲೇ ಒಮ್ಮೆ ಒಂದು ಉಣ್ಣಿ ಸಿಕ್ಕಿತು. ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ, ನಿಧಾನವಾಗಿ ಎಳೆದೆ. ಸೀಮೆಎಣ್ಣೆ, ಬೆಂಕಿಕಡ್ಡಿ ಖಂಡಿತ ಬೇಡ. ಕಾಲಿನ ನವೆಗೆ ಟೀ ಟ್ರೀ ಎಣ್ಣೆ ಹಚ್ಚಿ, ಮಕ್ಕಳ ಜಿಂಕ್ ಕ್ರೀಮ್ ಹಚ್ಚಿ ಎಂದವರೂ ಇದ್ದರು. ಹಚ್ಚಿದ್ದೆಲ್ಲ ನಾಯಿಯ ಹೊಟ್ಟೆಗೇ ಹೋಗುತ್ತದೆ ಅಲ್ವಾ? ಇವೆರಡೂ ನಾಯಿಗೆ ವಿಷ. ನಾವು ನುಂಗುವ ಪ್ಯಾರಸಿಟಮಾಲ್, ಐಬುಪ್ರೊಫೇನ್ ಕೂಡ ಡಾಕ್ಟರನ್ನು ಕೇಳದೆ ಕೊಡಲೇಬಾರದು.

ಒಂದೇ ಕಾಲು ನೆಕ್ಕುತ್ತಿದ್ದರೆ ನಾನು ಮೊದಲು ಮುಳ್ಳು, ಕೊಂಡಿ, ಗಾಯ ಹುಡುಕುತ್ತೇನೆ. ನಾಲ್ಕೂ ಕಾಲಾದರೆ ಅಲರ್ಜಿ ಇರಬಹುದು, ಅದಕ್ಕೆ ಮನೆಯಲ್ಲಿ ಒರೆಸುತ್ತಾ ಕೂತರೆ ಆಗುವುದಿಲ್ಲ, ತೋರಿಸಬೇಕು. ಚುಕ್ಕಿಯ ಕಾಲು ಆರಲು ಮೂರು ವಾರ ಹಿಡಿಯಿತು. ಈಗಲೂ ಒರೆಸಿದ ಮೇಲೆ ಆ ಬಟ್ಟೆಯನ್ನೊಮ್ಮೆ ಮೂಸಿ ನೋಡುತ್ತೇನೆ. ಹುಳಿ ವಾಸನೆ ಬಂದರೆ, ಅವಳು ನೆಕ್ಕಲು ಶುರುಮಾಡುವ ಮೊದಲೇ ಶಾಂಪೂ ತೆಗೆಯುತ್ತೇನೆ.