ಹವಾಲ್ದಾರ್ ಅಪ್ಪನ ಬದುಕನ್ನು ಪುಸ್ತಕವಾಗಿಸಿದ ಬಗೆ: ನನ್ನ ಅನುಭವ

ನಮ್ಮ ಅಪ್ಪ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಸ್ಯಾಪರ್, ಅಂದರೆ ಎಂಜಿನಿಯರಿಂಗ್ ದಳದ ಸಿಪಾಯಿ, ಆಗಿ ಸೇರಿ, ಇಪ್ಪತ್ತೆರಡು ವರ್ಷದಷ್ಟು ಸೇವೆ ಮುಗಿಸಿ, ಹವಾಲ್ದಾರರಾಗಿ ಊರಿಗೆ ಬಂದು, ಆಮೇಲೆ ಹಾಸನದ ಬ್ಯಾಂಕೊಂದರಲ್ಲಿ ಗಾರ್ಡ್ ಆಗಿದ್ದವರು. ಅವರು ತೀರಿಕೊಂಡ ಮೇಲೆ, ವರ್ಷದ ತಿಥಿಯ ಹೊತ್ತಿಗೆ ಅವರ ಬದುಕನ್ನು ಪುಸ್ತಕವಾಗಿ ತರುತ್ತೇನೆಂದು ನಾನು ಹೇಳಿದಾಗ ಮನೆಯಲ್ಲಿ ಒಬ್ಬರೂ ನಂಬಲಿಲ್ಲ. "ಕಾರ್ಯಪ್ಪನವರದೋ ತಿಮ್ಮಯ್ಯನವರದೋ ಆದರೆ ಬರೆಯಬಹುದು, ಹವಾಲ್ದಾರನ ಬದುಕು ನಾಲ್ಕು ಪುಟ ದಾಟೋದಿಲ್ಲ ಕಣೋ" ಎಂದು ಅಣ್ಣನೇ ಅಂದುಬಿಟ್ಟ. ಪುಸ್ತಕ ತೊಂಬತ್ತಾರು ಪುಟವಾಯಿತು. ಇನ್ನೂ ಬರೆಯಬಹುದಿತ್ತು, ದುಡ್ಡು ಮುಗಿಯಿತು.

ನನ್ನ ವಿಧಾನ ಇಷ್ಟೇ. ಸೈನಿಕನ ಸಂಸಾರವನ್ನು ಸೇನೆಯ ಕಾಗದಗಳಲ್ಲಿ ಹುಡುಕಬೇಕು, ಅವನ ಸೇನೆಯ ಬದುಕನ್ನು ಮನೆಯ ಕಾಗದಗಳಲ್ಲಿ ಹುಡುಕಬೇಕು. ಇದು ಹೊಳೆಯುವ ಮುನ್ನ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದ್ದೆ. ಅಪ್ಪನ ಜೊತೆಗಿದ್ದವರನ್ನು ಹುಡುಕಿಕೊಂಡು ಹೋಗಿ ಮೊಬೈಲಿನಲ್ಲಿ ಗಂಟೆಗಟ್ಟಲೆ ಮಾತು ತುಂಬಿಸಿಕೊಂಡು ಬಂದೆ. ಕೇಳಿ ನೋಡಿದರೆ ಎಲ್ಲರೂ 1971ರ ಪಾಕಿಸ್ತಾನ ಯುದ್ಧದ ಒಂದೇ ಕಥೆಯನ್ನು ಹೇಳಿದ್ದರು, ಅದರಲ್ಲಿ ಅಪ್ಪ ಎಲ್ಲೂ ಇರಲಿಲ್ಲ. ಆಮೇಲೆ ಬರವಣಿಗೆ ಬಲ್ಲವರೊಬ್ಬರಿಗೆ ಸುಮಾರು ಎಂಟು ಸಾವಿರ ಕೊಟ್ಟು ಬರೆಸಿದೆ. ಧೀರ, ನಿಸ್ವಾರ್ಥಿ, ಅಜಾತಶತ್ರು ಎಂಬ ಮಾತುಗಳೇ ತುಂಬಿದ್ದ ಆ ಹಸ್ತಪ್ರತಿಯಲ್ಲಿ ಹೆಸರು ಬದಲಿಸಿದ್ದರೆ ಅದು ಯಾವ ಊರಿನ ಯಾವ ಸೈನಿಕನಿಗಾದರೂ ಸಲ್ಲುತ್ತಿತ್ತು. ಹಳೆಯ ಫೋಟೋವನ್ನು ಸರಿಪಡಿಸಲು ಕೊಟ್ಟಿದ್ದ ಸ್ಟುಡಿಯೋದವರು ಅಪ್ಪನ ಎದೆಯ ಮೇಲಿನ ಮೆಡಲುಗಳ ರಿಬ್ಬನ್ನಿಗೆ ತಮಗೆ ಚಂದ ಕಂಡ ಬಣ್ಣ ತುಂಬಿಕೊಟ್ಟರು. ಅಲ್ಲಿಗೆ ಮತ್ತೆ ಒಂದೂವರೆ ಸಾವಿರ ಹೋಯಿತು.

ಕೆಲಸ ನಿಜವಾಗಿ ಶುರುವಾದದ್ದು ಮೆಡಲುಗಳಿಂದ. ಆ ಯುದ್ಧದಲ್ಲಿ ಅಪ್ಪ ಢಾಕಾಕ್ಕೆ ಹೋಗಿದ್ದರೆಂಬುದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದ ಮಾತು, ಅಣ್ಣನಂತೂ ಅದನ್ನು ಭಾಷಣದಲ್ಲೂ ಹೇಳಿದ್ದ. ಡಬ್ಬಿ ತೆಗೆದರೆ ಅದರಲ್ಲಿದ್ದದ್ದು ಸಂಗ್ರಾಮ್ ಮೆಡಲ್ ಮತ್ತು ಪಶ್ಚಿಮೀ ಸ್ಟಾರ್. ಮೊದಲನೆಯದು ಆ ಯುದ್ಧಕಾಲದ ಸೇವೆಗೆ ಎರಡೂ ರಂಗದವರಿಗೆ ಸಿಕ್ಕಿದ್ದು. ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ನಂಬರು, ಹುದ್ದೆ, ಹೆಸರು ಕೊರೆದಿರುವುದು ಕಾಣುತ್ತದೆ. ಎರಡನೆಯದು ಪಶ್ಚಿಮ ರಂಗದಲ್ಲಿದ್ದವರಿಗೆ ಮಾತ್ರ. ಬಾಂಗ್ಲಾ ಕಡೆ ಹೋದವರಿಗೆ ಪೂರ್ವೀ ಸ್ಟಾರ್ ಬರುತ್ತಿತ್ತು. ಅಣ್ಣ ಒಂದು ವಾರ ನನ್ನೊಡನೆ ಮಾತು ಬಿಟ್ಟ. ಆದರೆ ಅಪ್ಪನ ಪತ್ರಗಳ ಮೇಲೆಲ್ಲ ಇದ್ದ 56 ಎ.ಪಿ.ಓ. (ಆರ್ಮಿ ಪೋಸ್ಟ್ ಆಫೀಸ್) ಎಂಬ ವಿಳಾಸವೂ ನನ್ನ ಪರವಾಗಿಯೇ ಇತ್ತು, ಏಕೆಂದರೆ ಪೂರ್ವದ ಯೂನಿಟ್ಟುಗಳಿಗೆ 99 ಎ.ಪಿ.ಓ. ಇರುತ್ತಿತ್ತು. ಮಿಲಿಟರಿ ಅಂಚೆಯ ಮುದ್ರೆಯಲ್ಲಿ ಊರಿನ ಹೆಸರಿರುವುದಿಲ್ಲ, ಬರೀ ನಂಬರಿರುತ್ತದೆ. ಅಂಚೆಚೀಟಿ ಸಂಗ್ರಹಿಸುವವರು ಆ ನಂಬರುಗಳಿಗೂ ಊರುಗಳಿಗೂ ಹೊಂದಿಸಿಟ್ಟಿರುವ ಪಟ್ಟಿಯಿಂದ ನನ್ನ ಅರ್ಧ ಕೆಲಸ ಹಗುರವಾಯಿತು.

ಇನ್ನು ಮನಿ ಆರ್ಡರ್ ಕೂಪನ್ನುಗಳು, ಅಂದರೆ ಅಪ್ಪ ಕಳಿಸುತ್ತಿದ್ದ ಹಣದ ಜೊತೆ ಎರಡು ಮಾತು ಹೊತ್ತು ಬರುತ್ತಿದ್ದ ಚೀಟಿಗಳು. ಅವ್ವನಿಗೆ ಓದು ಬರದು. ಆದರೂ ಅಂಚೆಯಣ್ಣ ಹಣ ಎಣಿಸಿ ಕೊಟ್ಟು, ಕೂಪನ್ನಿನಲ್ಲಿದ್ದ ಎರಡು ಸಾಲನ್ನು ಓದಿ ಹೇಳಿ ಹೋದ ಮೇಲೆ ಅದನ್ನು ಬಿಸಾಡದೆ ಅರಿಶಿನದ ಡಬ್ಬಿಯಲ್ಲಿ ಇಡುತ್ತಿದ್ದರು. ನೂರೈವತ್ತರಷ್ಟು ಸಿಕ್ಕವು. ತಿಂಗಳ ಕ್ರಮದಲ್ಲಿ ನೆಲದ ಮೇಲೆ ಹರಡಿದಾಗ ಒಂದು ಸೈನಿಕ ಸಂಸಾರದ ಇಡೀ ಆಯವ್ಯಯ ಕಣ್ಣ ಮುಂದೆ ಬಂತು: ನಲವತ್ತು ರೂಪಾಯಿ, ಐವತ್ತು, ಅಕ್ಕ ಹುಟ್ಟಿದ ಮೇಲೆ ಎಪ್ಪತ್ತು, "ಗದ್ದೆಗೆ ಗೊಬ್ಬರ ಹಾಕಿಸು", "ಓಲೆ ಬಿಡಿಸಿಕೋ". 1971ರ ನವೆಂಬರಿನದು ಇದೆ, ಡಿಸೆಂಬರಿನದು ಇಲ್ಲ, ಮುಂದಿನ ಜನವರಿಯದು ಎರಡರಷ್ಟು ಮೊತ್ತದ್ದು. ಆ ಖಾಲಿ ತಿಂಗಳನ್ನು ತೋರಿಸಿ ಕೇಳಿದ ಮೇಲೆಯೇ ಅವ್ವ ಬಾಯಿ ಬಿಟ್ಟದ್ದು. ಶೆಟ್ಟರ ಅಂಗಡಿಯಲ್ಲಿ ಅಕ್ಕಿ, ಸೀಮೆಎಣ್ಣೆ ಸಾಲ ತಂದದ್ದು, ಪಂಚಾಯಿತಿಯ ರೇಡಿಯೋ ಮುಂದೆ ಹೆಂಗಸರು ಹೋಗಿ ಕೂರುವಂತಿಲ್ಲವೆಂದು ಮೈದುನನನ್ನು ಕಳಿಸುತ್ತಿದ್ದದ್ದು, ಎಲ್ಲವೂ ಹೊರಬಂತು. "ಯುದ್ಧದ ಕಾಲದಲ್ಲಿ ಹೇಗಿದ್ದಿರಿ" ಎಂದು ನಾನು ಎಷ್ಟೋ ಸಲ ಕೇಳಿದ್ದಾಗ ಬಂದಿದ್ದ ಉತ್ತರ "ಇದ್ದೆವು ಕಣಪ್ಪ" ಎಂಬುದಷ್ಟೇ.

ಆ ಡಿಸೆಂಬರಿನಲ್ಲಿ ಅಪ್ಪ ಪಶ್ಚಿಮ ಗಡಿಯ ಶಕರ್‌ಗಢ ವಲಯದಲ್ಲಿದ್ದರು. ಬಸಂತರ್ ನದಿಯ ಬಳಿ ಟ್ಯಾಂಕುಗಳು ದಾಟಲೆಂದು ಮೈನುಗಳ (ನೆಲಬಾಂಬುಗಳ) ನಡುವೆ ದಾರಿ ಬಿಡಿಸಿದವರಲ್ಲಿ ಮದ್ರಾಸ್ ಸ್ಯಾಪರುಗಳಿದ್ದರು. ನನಗೆ ಹೊಸದಾಗಿ ತಿಳಿದದ್ದು, ಡಿಸೆಂಬರ್ 17ರಂದು ಗುಂಡಿನ ಸದ್ದು ನಿಂತ ಮೇಲೂ ಸ್ಯಾಪರಿನ ಕೆಲಸ ನಿಂತಿರಲಿಲ್ಲ ಎಂಬುದು. ನೆಲದಲ್ಲಿ ಹೂತ ಮೈನುಗಳನ್ನು ತೆಗೆಯುವುದು ಉಳಿದೇ ಇತ್ತು. 1972ರ ಶಿಮ್ಲಾ ಒಪ್ಪಂದವಾಗಿ ಗೆದ್ದ ನೆಲವನ್ನು ಬಿಟ್ಟುಕೊಡುವುದೂ ಬಾಕಿಯಿತ್ತು. ಅಪ್ಪ ಆ ವರ್ಷ ಎರಡು ತಿಂಗಳ ರಜೆಗೆ ಬಂದದ್ದು ಬಹಳ ತಡವಾಗಿ ಏಕೆ ಎಂಬುದಕ್ಕೆ ಉತ್ತರ ಹಾಗೆ ಸಿಕ್ಕಿತು.

ಇನ್ನೊಂದು ಕಡೆ, ನಮ್ಮ ಸಂಸಾರದ ವಿವರಗಳು ಸೇನೆಯ ದಾಖಲೆಯಲ್ಲಿ ದೊರೆತವು. ಮದುವೆ, ಮಕ್ಕಳ ಜನನ, ಎಲ್ಲವೂ ಯೂನಿಟ್ಟು ಹೊರಡಿಸುವ ಪಾರ್ಟ್ ಟು ಆರ್ಡರ್ ಎಂಬ ಆದೇಶದಲ್ಲಿ ಪ್ರಕಟವಾಗಿ ದಾಖಲೆಗೆ ಸೇರುತ್ತವೆ. ಶಾಲೆಯ ಮೇಷ್ಟರು ನನಗೆ ಕೊಟ್ಟ ಜನ್ಮದಿನಕ್ಕೂ ಅಪ್ಪ ಯೂನಿಟ್ಟಿಗೆ ತಿಳಿಸಿದ್ದ ಜನ್ಮದಿನಕ್ಕೂ ಹತ್ತು ತಿಂಗಳ ಅಂತರವಿತ್ತು. ಸೇವೆಯಿಂದ ಬಿಡುವಾಗ ಕೊಡುವ ಡಿಸ್ಚಾರ್ಜ್ ಬುಕ್ಕಿನ ಪ್ರತಿ ಮಾತ್ರ ಇದ್ದವರು, ಸೈನಿಕರ ದಾಖಲೆ ಇಡುವ ರೆಕಾರ್ಡ್ ಆಫೀಸಿಗೆ ಬರೆಯಲೇಬೇಕು. ಆರ್ಮಿ ನಂಬರು, ಪಿ.ಪಿ.ಓ. (ಪಿಂಚಣಿ ಆದೇಶ) ಪ್ರತಿ, ಅವ್ವನ ಹೆಸರಿನಲ್ಲೇ ಅರ್ಜಿ. ನನ್ನ ಮೊದಲ ಅರ್ಜಿಗಳಿಗೆ ಉತ್ತರವೇ ಬರಲಿಲ್ಲ. ಅರ್ಜಿಯ ಮೊದಲ ಪ್ಯಾರಾವನ್ನು ಬದಲಿಸಿದ ಮೇಲೆ ಮೂರು ವಾರದಲ್ಲಿ ಬಂತು. ಏನು ಬದಲಿಸಿದೆ ಎಂಬುದನ್ನು ಎಲ್ಲರಿಗೂ ಹೇಳಿಬಿಟ್ಟರೆ ಅದು ನಡೆಯುವುದು ನಿಂತುಹೋಗುತ್ತದೆ, ಹಾಗಾಗಿ ಇಲ್ಲಿ ಬರೆಯುವುದಿಲ್ಲ.

ಈ ನಡುವೆ ಅಪ್ಪನ ಕಪ್ಪು ಟ್ರಂಕಿನ ಮೇಲೆ ಒಂದು ಪ್ರಯೋಗ ಮಾಡಿದೆ. ಪ್ರತಿ ವರ್ಗಾವಣೆಯಲ್ಲೂ ಹಳೆಯ ವಿಳಾಸದ ಮೇಲೆ ಬಣ್ಣ ಬಳಿದು ಹೊಸದನ್ನು ಬರೆಸುತ್ತಿದ್ದರಲ್ಲ, ಆ ಹಳೆಯ ಅಕ್ಷರಗಳು ಕೆಳಗೆ ಉಬ್ಬಾಗಿ ಉಳಿದಿರುತ್ತವೆ. ರಾತ್ರಿ ದೀಪ ಆರಿಸಿ, ಮುಚ್ಚಳಕ್ಕೆ ತೆಳುವಾಗಿ ಎಣ್ಣೆ ಸವರಿ, ಟಾರ್ಚನ್ನು ಪಕ್ಕದಿಂದ ಅಡ್ಡಲಾಗಿ ಹಿಡಿದರೆ ಅವು ಏಳುತ್ತವೆ. ಯಾವ ಎಣ್ಣೆ ಎಂಬುದು ನನ್ನಲ್ಲೇ ಇರಲಿ. ಎರಡು ಹಳೆಯ ಯೂನಿಟ್ಟುಗಳ ವಿಳಾಸ ಹೀಗೆ ಸಿಕ್ಕವು. ಅವು ಯಾವ ಕಾಗದದಲ್ಲೂ ಇರಲಿಲ್ಲ.

ಇನ್ನೂರು ಪ್ರತಿಗೆ ಮುದ್ರಣ ಇಪ್ಪತ್ನಾಲ್ಕು ಸಾವಿರದ ಆಸುಪಾಸು, ಓಡಾಟ ಮತ್ತು ಸ್ಕ್ಯಾನಿಂಗಿಗೆ ಏಳೆಂಟು ಸಾವಿರ. ಮೊದಲು ವ್ಯರ್ಥವಾದದ್ದು ಬೇರೆ. ಪುಟದ ಎಡಕ್ಕೆ ಯೂನಿಟ್ಟು, ಬಲಕ್ಕೆ ಮನೆ, ಎರಡಕ್ಕೂ ಒಂದೇ ತಿಂಗಳು, ಹೀಗೆ ಜೋಡಿಸಿದ್ದನ್ನು ಕಂಡು ಅಕ್ಷರ ಜೋಡಿಸುವ ಹುಡುಗ ಮೊದಲು ಗೊಣಗಿದ. ಎಡೆ ಇಟ್ಟ ದಿನ ಎಲ್ಲರಿಗೂ ಪ್ರತಿ ಹಂಚಿದೆವು. ನಾಲ್ಕು ಪುಟವೆಂದಿದ್ದ ಅಣ್ಣ ಹದಿನೈದು ಪ್ರತಿ ಹೆಚ್ಚಿಗೆ ಕೇಳಿ ಒಯ್ದ. ಈಗ ಆರ್ಟಿಲರಿಯಲ್ಲಿ, ಅಂದರೆ ಫಿರಂಗಿ ದಳದಲ್ಲಿ, ನಾಯಕ್ ಹುದ್ದೆಯಲ್ಲಿದ್ದ ಒಬ್ಬರ ಮನೆಯವರಿಗೆ ಇದನ್ನೇ ಮಾಡಿಕೊಡುತ್ತಿದ್ದೇನೆ. ಅವರ ಮನೆಯಲ್ಲಿ ಕೂಪನ್ನುಗಳಿಲ್ಲ, ಆದರೆ ಸಹಕಾರ ಸಂಘದ ಹಳೆಯ ಪಾಸ್‌ಬುಕ್ ಸಿಕ್ಕಿದೆ. ಜಮೆಯಾದ ತಾರೀಖುಗಳಿಂದಲೇ ಅವರ ರಜೆಗಳನ್ನು ಗುರುತಿಸಲು ನೋಡುತ್ತಿದ್ದೇನೆ.